ಭೂಮಿತಾತನಿಗೆ ಅಡ್ಡ ಕೂತವರು

ಬಾನ್‌ಹೋಕ್ ಮೇಷ್ಟ್ರ ಬೊಂಬೆಯಾಟಕ್ಕೆ ನಾನು ಜನ ಕರೆತರುತ್ತೇನೆ ಎಂದಾಗ ಗುಡಿಯ ಸಮಿತಿಯ ಐದೂ ಜನ ನಕ್ಕರು. ನಗಲಿ ಬಿಡಿ ಎಂದುಕೊಂಡೆ. ಹನ್ನೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು ನಾನು. ನಲವತ್ತು ಜನರ ಬಸ್ಸಿಗೆ ಎಪ್ಪತ್ತು ಜನರನ್ನು ತುಂಬಿ, ಬಾಗಿಲು ಒತ್ತಿ ಹಾಕಿ, ವಿಷಲ್ ಊದಿದವಳು. ಈಗ ಅರವತ್ತೆಂಟಾದರೂ ಗಂಟಲು ಹಾಗೇ ಇದೆ. ಪಟ್ಟಣ ಕಚೇರಿಯ ಕಲೆ ವಿಭಾಗಕ್ಕೆ ನಾನು ಸ್ವಯಂಸೇವಕಿ. ಅವರು ಕೊಟ್ಟ ಕಿತ್ತಳೆ ಬಣ್ಣದ, ಆರು ಜೇಬಿನ ಕೋಟನ್ನು ತರಕಾರಿ ತರಲು ಹೋಗುವಾಗಲೂ ಹಾಕಿಕೊಳ್ಳುತ್ತೇನೆ. ಊರಲ್ಲಿ ಗಿನ್‌ಥೋ ಅಕ್ಕ ಎಂದರೆ ಆ ಕೋಟು, ಕೋಟು ಎಂದರೆ ಗಿನ್‌ಥೋ ಅಕ್ಕ.

ವಿಷಯ ಇಷ್ಟು. ತೈವಾನಿನಲ್ಲಿ ಊರೂರಿಗೂ ನೆಲ ಕಾಯುವ ದೇವರೊಬ್ಬನಿದ್ದಾನೆ, ಭೂಮಿತಾತ. ನಮ್ಮೂರ ಭೂಮಿತಾತನ ಗುಡಿಯ ಮುಂದೆ ಹಬ್ಬಕ್ಕೂ ತಿಂಗಳ ಎರಡು ಪೂಜೆಯ ದಿನಕ್ಕೂ ಬೊಂಬೆಯಾಟ ಆಗಲೇಬೇಕು. ಆಟ ನಡೆಯುವುದು ತಾತನಿಗಾಗಿ. ಅದಕ್ಕೇ ವೇದಿಕೆಯ ಮುಖ ಯಾವಾಗಲೂ ಗುಡಿಯ ಬಾಗಿಲಿಗೆ ಎದುರಾಗಿರುತ್ತದೆ. ತಾತ ಒಳಗೆ ಕುಳಿತಲ್ಲಿಂದಲೇ ನೋಡುತ್ತಾನೆ. ಮೊದಲು ಜನರೂ ನೋಡುತ್ತಿದ್ದರು. ಈಗ ಇಪ್ಪತ್ತು ವರ್ಷದಿಂದ ನೋಡುವವನು ತಾತ ಒಬ್ಬನೇ. ಬಾನ್‌ಹೋಕ್ ಮೇಷ್ಟ್ರು ಎಪ್ಪತ್ತೆರಡರ ವಯಸ್ಸಿನಲ್ಲೂ ಮುದುಕಿಯ ದನಿ, ಸೇನಾಪತಿಯ ದನಿ, ಕಳ್ಳನ ದನಿ, ಕುದುರೆಯ ಕೆನೆತ ಎಲ್ಲವನ್ನೂ ಒಂದೇ ಗಂಟಲಿನಿಂದ ತೆಗೆದು ಖಾಲಿ ಅಂಗಳಕ್ಕೆ ಆಡಿಸಿ, ಬೊಂಬೆಗಳನ್ನು ಪೆಟ್ಟಿಗೆಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು.

ಸಮಿತಿಯ ಅಧ್ಯಕ್ಷ ಕಿಮ್‌ಸಿಂಗ್‌ಗೆ ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಇದೆ. ನನಗಿಂತ ಹತ್ತು ವರ್ಷ ಚಿಕ್ಕವನು. ಕೆಟ್ಟವನಲ್ಲ, ಭಕ್ತ. ಆದರೆ ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಕೈ ಯಾಕೆ ಹಾಕಬೇಕು ಎನ್ನುವ ಜಾತಿ. ಪಕ್ಕದ ಊರಿನವರು ಟೇಪಿನ ಗಾಡಿ ತರಿಸುತ್ತಾರಂತೆ. ವೇದಿಕೆ ಲಾರಿಯ ಮೇಲೇ ಇರುತ್ತದೆ, ದನಿಯೆಲ್ಲ ಟೇಪಿನಲ್ಲಿ ಬರುತ್ತದೆ. ಒಬ್ಬ ಹುಡುಗಿ ಒಂದು ಕೈಯಲ್ಲಿ ಬೊಂಬೆ ಕುಣಿಸುತ್ತ ಇನ್ನೊಂದು ಕೈಯಲ್ಲಿ ಸೂರ್ಯಕಾಂತಿ ಬೀಜ ತಿನ್ನುತ್ತಾಳೆ. ಆ ಊರಿನ ದೇವರು ಇದುವರೆಗೆ ಏನೂ ಗೊಣಗಿಲ್ಲವಂತೆ. ಈ ಸಲ ತಾತನ ಹುಟ್ಟಿದಹಬ್ಬಕ್ಕೆ ಮೂರು ದಿನ ಆಟ. ಜನ ಬಂದರೆ ಮೇಷ್ಟ್ರು ಮುಂದುವರಿಯಲಿ, ಬರದಿದ್ದರೆ ಮುಂದಿನ ತಿಂಗಳಿಂದ ಟೇಪಿನ ಗಾಡಿ ಎಂದು ಸಮಿತಿ ತೀರ್ಮಾನಿಸಿತು.

ಮೇಷ್ಟ್ರು ಜಗಳ ಆಡಲಿಲ್ಲ. ಹಾಗಾದರೆ ಬೊಂಬೆಗಳನ್ನು ಜಿಲ್ಲೆಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡುತ್ತೇನೆ ಎಂದರು. ಆ ಸಂಗ್ರಹಾಲಯವನ್ನು ನಾನು ನೋಡಿದ್ದೇನೆ. ಗಾಜಿನೊಳಗೆ ಒಂದು ಸೇನಾಪತಿ ಬೊಂಬೆ ಇದೆ. ಒಳಗೆ ಆಡಿಸುವವರ ಕೈ ಇರಬೇಕಾದ ಕಡೆ ಕಬ್ಬಿಣದ ಕಡ್ಡಿ ತೂರಿಸಿ ನಿಲ್ಲಿಸಿದ್ದಾರೆ. ಅದನ್ನು ನೆನೆದು ನನಗೆ ಮೈ ಉರಿದುಹೋಯಿತು. ಅಲ್ಲೇ ಎದ್ದು ನಿಂತು ಜನ ತರುವ ಹೊಣೆ ನನ್ನದು ಎಂದೆ.

ಮೊದಲು ಶಾಲೆಗೆ ಹೋದೆ. ಹೆಡ್‌ಮಾಸ್ತರು ಒಳ್ಳೆಯವರು, ಒಂದು ತರಗತಿಯನ್ನೇ ಅಂಗಳಕ್ಕೆ ಕಳಿಸಿದರು. ಮೇಷ್ಟ್ರು ಒಂದು ಸಣ್ಣ ಪ್ರಸಂಗ ಆಡಿಸಿ ತೋರಿಸಿದರು. ಮಕ್ಕಳು ಕೈಕಟ್ಟಿ ಕೂತು ನೋಡಿದವು, ಕೊನೆಗೆ ಚಪ್ಪಾಳೆಯನ್ನೂ ತಟ್ಟಿದವು. ಆಮೇಲೆ ಒಂದು ಹುಡುಗಿ ನನ್ನ ಕೋಟು ಎಳೆದು, ಅಜ್ಜಿ, ಇದು ಜಪಾನಿ ಭಾಷೆಯಾ ಎಂದು ಕೇಳಿದಳು. ಮೇಷ್ಟ್ರು ಆಡಿಸುವುದು ನಮ್ಮ ತೈವಾನಿ ಮಾತಿನಲ್ಲಿ, ಶಾಲೆಯ ಚೀನೀ ಬಿಟ್ಟರೆ ಮಕ್ಕಳಿಗೆ ಬೇರೇನೂ ಬಾರದು. ಅವುಗಳ ಮನೆಮಾತು ಅವುಗಳ ಮನೆಯಲ್ಲೇ ಇಲ್ಲ. ಅಲ್ಲಿಂದ ಹಿರಿಯರ ಕೇಂದ್ರಕ್ಕೆ ಹೋದೆ. ಅಲ್ಲಿ ಭಾಷೆ ಬರುವವರಿದ್ದರು, ಆದರೆ ಹಾಡುವ ಮೈಕು ಬಿಟ್ಟು ಏಳುವವರಿರಲಿಲ್ಲ.

ಮೂರನೆಯ ದಿನ ಆಲದ ಮರದ ಕಟ್ಟೆಯ ಮುಂದೆ ಹೋಗುವಾಗ ಕಾಲು ತಾನಾಗಿ ನಿಂತಿತು. ದಿನಾ ಅದೇ ದಾರಿಯಲ್ಲಿ ಹೋಗುತ್ತೇನೆ, ದಿನಾ ಅದನ್ನೇ ನೋಡುತ್ತೇನೆ. ಮಧ್ಯಾಹ್ನ ಮೂರು ಗಂಟೆಗೆ ಊರಿನ ಗಾಲಿಕುರ್ಚಿಗಳೆಲ್ಲ ಆ ನೆರಳಿಗೆ ಬರುತ್ತವೆ. ಮುದುಕ ಮುದುಕಿಯರನ್ನು ನೋಡಿಕೊಳ್ಳಲು ಇಂಡೋನೇಷ್ಯಾದಿಂದ ಬಂದ ಹೆಂಗಸರು ಅವುಗಳನ್ನು ತಳ್ಳಿಕೊಂಡು ಬಂದು ಗಾಲಿಗೆ ತಡೆ ಹಾಕಿ, ತಮ್ಮ ತಮ್ಮಲ್ಲೇ ಹರಟುತ್ತ ನಿಲ್ಲುತ್ತಾರೆ. ನಾನು ಕುರ್ಚಿಗಳನ್ನು ಎಣಿಸಿದೆ. ಹದಿನಾಲ್ಕು. ಹದಿನಾಲ್ಕು ಜನ ಸಿಕ್ಕರು ಎಂದು ನನ್ನಷ್ಟಕ್ಕೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ.

"ಲೆಕ್ಕ ತಪ್ಪಿದೀರಿ ಅಕ್ಕ. ಇಪ್ಪತ್ತೆಂಟು," ಎಂದಳು ಹತ್ತಿರ ನಿಂತಿದ್ದ ವಾರ್ಸಿನಿ.

ವಾರ್ಸಿನಿ ಇರುವುದು ಕಿಮ್‌ಸಿಂಗ್‌ನ ಮನೆಯಲ್ಲಿ. ಅವನ ತಾಯಿ ಪೋಜೂ ಆಮಾಳನ್ನು ನೋಡಿಕೊಳ್ಳುತ್ತ ಎಂಟು ವರ್ಷ ಆಯಿತು. ಆಮಾ ಎಂದರೆ ನಮ್ಮಲ್ಲಿ ಅಜ್ಜಿ. ನಮ್ಮ ತೈವಾನಿ ಮಾತನ್ನು ಅವಳು ಕಲಿತದ್ದು ಆ ಆಮಾಳ ಬಾಯಿಂದ. ಆಮಾಳ ಬಾಯಿಯೋ, ಊರಿಗೆ ಗೊತ್ತು. ಹಾಗಾಗಿ ವಾರ್ಸಿನಿಗೆ ಬಾರದ ಬೈಗುಳ ನಮ್ಮ ಭಾಷೆಯಲ್ಲಿ ಇಲ್ಲ.

"ನೀವೂ ನೋಡ್ತೀರಾ?" ಎಂದು ಕೇಳಿದೆ.

"ಮತ್ತೆ? ಆಮಾ ಬೊಂಬೆ ನೋಡ್ತಿದ್ರೆ ನಾವು ಮರ ನೋಡ್ಕೊಂಡು ನಿಲ್ಬೇಕಾ?"

ನನಗೆ ನಾಚಿಕೆಯಾಯಿತು. ಊರಿನಲ್ಲಿ ಮೇಷ್ಟ್ರ ಮಾತು ತಿಳಿಯುವ, ಕಣ್ಣು ಕಿವಿ ಚುರುಕಿರುವ ಹದಿನಾಲ್ಕು ಹೆಂಗಸರು ದಿನಾ ನನ್ನ ಮುಂದೆಯೇ ನಿಂತಿರುವಾಗ ನಾನು ಶಾಲೆಯ ಬಾಗಿಲು ತಟ್ಟಿಕೊಂಡು ತಿರುಗಿದ್ದೆ. ತಮ್ಮೂರ ಕಡೆಯೂ ಬೊಂಬೆಯಾಟ ಉಂಟು, ಒಮ್ಮೆ ಶುರುವಾದರೆ ಬೆಳಗಾಗುವವರೆಗೆ ಮುಗಿಯುವುದಿಲ್ಲ ಎಂದು ವಾರ್ಸಿನಿ ಹೇಳಿದಳು. ನಿಮ್ಮ ಮೇಷ್ಟ್ರಿಗೆ ಅಷ್ಟು ದಮ್ಮಿದೆಯಾ ನೋಡೋಣ ಎಂದು ಸವಾಲನ್ನೂ ಹಾಕಿದಳು. ಅವತ್ತೇ ಹದಿನಾಲ್ಕು ಮನೆಗೂ ಫೋನು ಮಾಡಿ ಒಪ್ಪಿಗೆ ಪಡೆದೆ. ಕಿಮ್‌ಸಿಂಗ್ ಕೂಡ ಬೇಡ ಎನ್ನಲಿಲ್ಲ. ಅಮ್ಮ ಅಲ್ಲೇ ನಿದ್ದೆ ಮಾಡ್ತಾಳೆ, ಕರ್ಕೊಂಡು ಹೋಗಿ ಎಂದ.

ಹಬ್ಬದ ಮೊದಲ ದಿನ ಹದಿನಾಲ್ಕು ಕುರ್ಚಿಗಳು ಸಾಲಾಗಿ ಗುಡಿಯ ಅಂಗಳಕ್ಕೆ ಬಂದವು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಪೋಜೂ ಆಮಾ ಹಣೆಗೆ ಕೈ ಅಡ್ಡ ಹಿಡಿದು ಕೂತಳು. ಪೊಲೀಸಿನಲ್ಲಿದ್ದು ನಿವೃತ್ತರಾದ ಒಬ್ಬ ಅಜ್ಜ ಕಣ್ಣೇ ಮುಚ್ಚಿಬಿಟ್ಟರು. ನನ್ನೊಳಗಿನ ಕಂಡಕ್ಟರ್ ಎದ್ದಳು. ಮದುವೆ ಊಟದ ಅಡುಗೆಯವರಿಂದ ನೀಲಿ ಟಾರ್ಪಾಲು ತರಿಸಿ ಅಂಗಳದ ನಟ್ಟನಡುವೆ ನಾಲ್ಕು ಕಂಬ ನಿಲ್ಲಿಸಿ ಕಟ್ಟಿಸಿದೆ. ಅದರ ಕೆಳಗೆ ಎರಡು ಸಾಲು ಮಾಡಿ, ಗಿಡ್ಡದವರು ಮುಂದೆ, ಎತ್ತರದವರು ಹಿಂದೆ, ಸಂದಿಯಲ್ಲಿ ಹೆಂಗಸರಿಗೆ ಪ್ಲಾಸ್ಟಿಕ್ ಸ್ಟೂಲು. ಒಂದು ಮೊಳ ಜಾಗವೂ ಹಾಳಾಗಲಿಲ್ಲ. ದೂರ ನಿಂತು ನೋಡಿ, ಇದಪ್ಪಾ ಕೆಲಸ ಎಂದುಕೊಂಡೆ.

ಆಟ ಶುರುವಾಯಿತು. ಹಲ್ಲು ಮುರಿದ ಕಳ್ಳನೊಬ್ಬ ಸೇನಾಪತಿಯ ಮನೆಯಿಂದ ಹುಂಜ ಕದ್ದು ಓಡಿಬರುತ್ತಾನೆ. ಹಿಂದೆ ಸೈನಿಕರು. ಕಳ್ಳ ಅತ್ತ ಇತ್ತ ನೋಡಿ, ಅಯ್ಯೋ, ಎಲ್ಲಿ ಅಡಗಿಕೊಳ್ಳಲಿ ಎಂದು ಗೋಳಾಡುತ್ತಾನೆ. ಇಪ್ಪತ್ತು ವರ್ಷದಿಂದ ಆ ಕಳ್ಳ ಇದೇ ಪ್ರಶ್ನೆಯನ್ನು ಖಾಲಿ ಅಂಗಳಕ್ಕೆ ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಮಾತಿಗೆ ಹೋಗುತ್ತಿದ್ದ.

"ಆಮಾ ಹಾಸಿಗೆ ಕೆಳಗೆ ಹೋಗು, ಅಲ್ಲಿ ಯಾರೂ ಗುಡಿಸಲ್ಲ," ಎಂದು ವಾರ್ಸಿನಿ ಕೂಗಿದಳು.

ಬೊಂಬೆ ನಿಂತುಬಿಟ್ಟಿತು. ಪರದೆಯ ಹಿಂದೆ ಮೇಷ್ಟ್ರು ಉಸಿರು ಹಿಡಿದದ್ದು ನನಗೆ ಮೈಕಿನಲ್ಲಿ ಕೇಳಿಸಿತು. ಆಮೇಲೆ ಕಳ್ಳ ನಿಧಾನವಾಗಿ ತಲೆ ತಿರುಗಿಸಿ ವಾರ್ಸಿನಿಯ ಕಡೆ ನೋಡಿದ.

"ಹೋಗ್ತಿದ್ದೆ ಕಣವ್ವಾ. ಆದ್ರೆ ಆ ಆಮಾ ಗೊರಕೆಗೆ ನನ್ನ ಹುಂಜ ಸತ್ತೋಗುತ್ತೆ."

ಪೋಜೂ ಆಮಾ ಹೋ ಎಂದು ನಕ್ಕು ಕಳ್ಳನಿಗೆ ಬೈದಳು, ಕಳ್ಳ ತಿರುಗಿ ಬೈದ. ಅಲ್ಲಿಂದ ಮುಂದೆ ಪ್ರಸಂಗ ಪುಸ್ತಕದ ದಾರಿ ಬಿಟ್ಟಿತು. ಹೆಂಗಸರು ಸೈನಿಕರಿಗೆ ಸುಳ್ಳು ದಾರಿ ತೋರಿಸಿದರು. ಪೊಲೀಸ್ ಅಜ್ಜ ಹುಂಜ ಕದ್ದರೆ ಯಾವ ಶಿಕ್ಷೆ ಎಂದು ಕಾನೂನು ಹೇಳಿದರು. ಮೇಷ್ಟ್ರ ದನಿಗೆ ಪ್ರಾಯ ಬಂದಿತ್ತು. ನಾನು ಪಕ್ಕದಲ್ಲಿ ನಿಂತು ಅತ್ತೆ. ಅಳು ಬಂದದ್ದು ಖುಷಿಗೆ.

ಸೇನಾಪತಿ ಕತ್ತಿ ಎತ್ತಿ ಕಳ್ಳನ ಕುತ್ತಿಗೆಗೆ ಬೀಸಬೇಕು, ಅಷ್ಟರಲ್ಲಿ ಕಿಮ್‌ಸಿಂಗ್ ಬಂದ. ಅವನು ತಾತನಿಗೆ ಅಗರಬತ್ತಿ ಹಚ್ಚಲು ಗುಡಿಯ ಒಳಗೆ ಹೋಗಿದ್ದ. ಹಚ್ಚಿ ತಿರುಗಿ ನೋಡಿದರೆ ತಾತ ಕೂತ ಜಾಗದಿಂದ ಕಾಣುವುದು ನೀಲಿ ಟಾರ್ಪಾಲು ಮತ್ತು ಇಪ್ಪತ್ತೆಂಟು ಬೆನ್ನು. ಓಡಿಬಂದು ಟಾರ್ಪಾಲಿನ ಕೆಳಗೆ ನಿಂತು ಎರಡೂ ಕೈ ಎತ್ತಿ ನಿಲ್ಲಿಸಿ ಎಂದು ಕೂಗಿದ.

"ತಾತನ ಹುಟ್ಟಿದಹಬ್ಬ ಇದು. ತಾತನಿಗೇ ಆಟ ಕಾಣ್ತಿಲ್ಲ. ನಿಮ್ಮೆಲ್ಲರ ಬೆನ್ನು ನೋಡ್ಕೊಂಡು ಕೂತಿದಾನೆ."

ನನ್ನ ಕಿವಿ ಬಿಸಿಯಾಯಿತು. ಗುಡಿಯ ಬಾಗಿಲಿಗೂ ವೇದಿಕೆಗೂ ನಡುವೆ ಯಾರೂ ಅಡ್ಡ ಬರಬಾರದು ಎಂಬುದು ನನಗೆ ಗೊತ್ತಿಲ್ಲವೇ? ಸೈಕಲ್ ಹುಡುಗರು ಕೂಡ ಸುತ್ತು ಹಾಕಿ ಹೋಗುವ ಜಾಗ ಅದು. ಜನ ನೋಡುತ್ತಿದ್ದ ಕಾಲದಲ್ಲಿ ಎರಡು ಮಗ್ಗುಲಿಗೆ ಕೂರುತ್ತಿದ್ದರು, ನಡುವೆ ತಾತನ ನೋಟಕ್ಕೆ ದಾರಿ ಬಿಟ್ಟು. ಇಪ್ಪತ್ತು ವರ್ಷ ಯಾರೂ ಕೂರದೆ, ಎಲ್ಲಿ ಕೂರಬಾರದು ಎಂಬುದೇ ಕಾಲಿಗೆ ಮರೆತುಹೋಗಿತ್ತು. ನನಗಷ್ಟೇ ಅಲ್ಲ, ಅಲ್ಲಿದ್ದ ಹದಿನಾಲ್ಕು ಹಿರಿಯರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮೇಷ್ಟ್ರು ಕಳ್ಳನ ಬೊಂಬೆ ಕೈಯಲ್ಲಿರುವಂತೆಯೇ ಇಳಿದುಬಂದು ತಪ್ಪು ತಮ್ಮದು, ತಾವು ಪರದೆ ಸರಿಸಿ ನೋಡಬೇಕಿತ್ತು ಎಂದು ತಲೆ ಬಗ್ಗಿಸಿದರು. ನನಗೆ ಸಹಿಸಲಾಗದೇ ಹೋದದ್ದು ಅದು. ಕಟ್ಟಿಸಿದವಳು ನಾನು, ಕೂರಿಸಿದವಳು ನಾನು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಕಿಮ್‌ಸಿಂಗ್ ನಿಜವಾಗಿಯೂ ಹೆದರಿದ್ದ. ಉಳಿದೆರಡು ದಿನದ ಆಟ ರದ್ದು, ನಾಳೆ ಬೆಳಿಗ್ಗೆ ತಾತನನ್ನೇ ಕೇಳೋಣ ಎಂದು ಹೇಳಿ ಟಾರ್ಪಾಲು ಬಿಚ್ಚಿಸಿದ. ಮೇಷ್ಟ್ರು ಬೊಂಬೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟರು. ಸಂಗ್ರಹಾಲಯದವರ ಫೋನ್ ನಂಬರು ನಿನ್ನ ಹತ್ತಿರ ಇದೆಯಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಸುಳ್ಳು.

ಮರುದಿನ ಬೆಳಿಗ್ಗೆ ಗುಡಿಯಲ್ಲಿ ಸಮಿತಿ ಸೇರಿತು. ಅವರಲ್ಲಿ ಹಿರಿಯರು ತ್ಯಾಮ್ ಮಾವ. ಎಂಬತ್ತಾರು ವರ್ಷ, ಹಳೇ ಕಟ್ಟಳೆಗಳೆಲ್ಲ ಬಾಯಲ್ಲೇ ಇವೆ. ಅವರು ನೆನಪು ಮಾಡಿಕೊಂಡು ಹೇಳಿದರು: ಹಿಂದೆ ಊರಲ್ಲಿ ಯಾರಾದರೂ ತಪ್ಪು ಮಾಡಿದರೆ, ಪಕ್ಕದವನ ಗದ್ದೆಯ ನೀರು ಕದ್ದರೆ ಅನ್ನಿ, ಹೊಡೆಯುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. ತಪ್ಪು ಮಾಡಿದವರು ತಮ್ಮ ಖರ್ಚಿನಲ್ಲಿ ಗುಡಿಯ ಮುಂದೆ ದಂಡದ ಆಟ ಆಡಿಸಬೇಕಿತ್ತು. ಅಲ್ಲಿಗೆ ತಪ್ಪು ತೀರಿತು, ಮತ್ತೆ ಯಾರೂ ಎತ್ತಿ ಆಡುವಂತಿಲ್ಲ.

ಕಿಮ್‌ಸಿಂಗ್‌ಗೆ ಇದು ಹಿಡಿಸಿತು. ತಾತನ ಮುಂದಿನ ಜೋಡಿ ತುಂಡುಗಳನ್ನು ಕೈಗೆ ತೆಗೆದುಕೊಂಡ. ಅರ್ಧಚಂದ್ರದಂಥ ಕೆಂಪು ಮರದ ತುಂಡುಗಳು ಅವು, ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಎಸೆದಾಗ ಒಂದು ಬೋರಲು ಒಂದು ಅಂಗಾತ ಬಿದ್ದರೆ ತಾತ ಒಪ್ಪಿದ ಎಂದು. ಸಾಲಾಗಿ ಮೂರು ಸಲ ಹಾಗೆ ಬಿದ್ದರೆ ಮತ್ತೆ ಎದುರು ಮಾತಿಲ್ಲ. ಗಿನ್‌ಥೋ ಅಕ್ಕ ದಂಡದ ಆಟ ಆಡಿಸಬೇಕೇ ಎಂದು ಕೇಳಿ ಎಸೆದ. ಒಂದು, ಎರಡು, ಮೂರು. ತಾತ ತಡಮಾಡಲೇ ಇಲ್ಲ.

ಸರಿ, ಗುರುವಾರ ಟೇಪಿನ ಗಾಡಿ ಖಾಲಿ ಇದೆ, ಹೇಳಿಬಿಡ್ತೀನಿ ಎಂದು ಕಿಮ್‌ಸಿಂಗ್ ಫೋನು ತೆಗೆದ.

"ಕಿಮ್‌ಸಿಂಗ್, ನೀನು ನಿನ್ನ ಹೆಂಡ್ತಿ ಹತ್ರ ತಪ್ಪಾಯ್ತು ಅನ್ನೋದನ್ನ ಟೇಪಲ್ಲಿ ಹಾಕಿ ಕೇಳಿಸ್ತೀಯಾ?" ಎಂದೆ.

ಸಮಿತಿಯವರು ಕೆಮ್ಮಿದರು. ತ್ಯಾಮ್ ಮಾವ ನನ್ನ ಕಡೆ ನಿಂತರು. ದಂಡದ ಆಟಕ್ಕೆ ಮೊದಲು ತಪ್ಪು ಮಾಡಿದವರ ಹೆಸರು, ಮಾಡಿದ ತಪ್ಪು, ಕೇಳುವ ಕ್ಷಮೆ ಎಲ್ಲವನ್ನೂ ವೇದಿಕೆಯಿಂದ ಕೂಗಿ ಹೇಳಬೇಕು. ಯಾವ ಟೇಪಿನಲ್ಲಿ ಇವಳ ಹೆಸರಿದೆ ಎಂದು ಕೇಳಿದರು. ಕಿಮ್‌ಸಿಂಗ್ ಯೋಚಿಸಿದ. ಶಾಸ್ತ್ರದ ಮಾತಿಗೆ ಅವನು ಅಡ್ಡ ಹೋಗುವವನಲ್ಲ. ಫೋನು ಜೇಬಿಗೆ ಹಾಕಿದ.

"ಆಯ್ತು. ಬಾನ್‌ಹೋಕ್ ಮೇಷ್ಟ್ರೇ ಆಡಿಸ್ಲಿ. ಆದ್ರೆ ಒಂದೇ ಆಟ ಅಕ್ಕ. ತಪ್ಪು ಮಾಡಿದ್ದು ನೀವೊಬ್ರೇ."

ಒಂದೇ ಆಟ, ಆಮೇಲೆ ಟೇಪಿನ ಗಾಡಿಯೇ. ಮೇಷ್ಟ್ರು ಕಂಬಕ್ಕೆ ಒರಗಿ ನಿಂತಿದ್ದರು. ನಾನು ಬೇರೆ ದಾರಿ ಹುಡುಕಿದೆ, ಸಿಗಲಿಲ್ಲ. ಬಸ್ಸಿನಲ್ಲಾಗಿದ್ದರೆ ಇನ್ನೊಬ್ಬರನ್ನು ತೂರಿಸುತ್ತಿದ್ದೆ, ಇಲ್ಲಿ ನನ್ನ ಕೈ ಖಾಲಿಯಾಗಿತ್ತು.

"ತಪ್ಪು ಮಾಡಿದ್ದು ಅವಳೊಬ್ಳೇ ಅಂತ ಯಾರೋ ಹೇಳಿದ್ದು?"

ದನಿ ಬಾಗಿಲ ಹೊರಗಿನಿಂದ ಬಂತು. ಗುಡಿಯ ಹೊಸ್ತಿಲು ಎತ್ತರ, ಗಾಲಿಕುರ್ಚಿ ದಾಟುವುದಿಲ್ಲ. ಹೊಸ್ತಿಲಿಗೆ ತಾಗಿಸಿ ನಿಲ್ಲಿಸಿದ ಕುರ್ಚಿಯಲ್ಲಿ ಪೋಜೂ ಆಮಾ ಕೂತಿದ್ದಳು, ಹಿಂದೆ ವಾರ್ಸಿನಿ, ಅವಳ ಹಿಂದೆ ಉಳಿದ ಹದಿಮೂರು ಕುರ್ಚಿಗಳು. ಬೆಳಿಗ್ಗೆಯ ಹೊತ್ತು ಅವು ಯಾವತ್ತೂ ಹೊರಗೆ ಬರುವುದಿಲ್ಲ. ಅಮ್ಮ, ನೀವು ಮನೆಗೆ ಹೋಗಿ, ಔಷಧಿ ಹೊತ್ತಾಯಿತು ಎಂದು ಕಿಮ್‌ಸಿಂಗ್ ಎದ್ದ.

"ಔಷಧಿ ಇರ್ಲಿ. ಅವಳು ಪಕ್ಕದಲ್ಲಿ ನಿಂತಿದ್ಲು. ಅಡ್ಡ ಕೂತಿದ್ದು ನಾನು. ತೊಂಬತ್ತೊಂದು ವರ್ಷ ತಾತನಿಗೆ ಅಡ್ಡ ನಡೆದಿಲ್ಲ, ನಿನ್ನೆ ಅಡ್ಡ ಕೂತು ಹಲ್ಲು ಬಿಟ್ಟು ನಕ್ಕಿದೀನಿ. ದಂಡ ಕಟ್ಟದೆ ಸಾಯ್ಲಾ ನಾನು?"

ಕಿಮ್‌ಸಿಂಗ್ ಭಕ್ತಿ ಇಲ್ಲದವನಾಗಿದ್ದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಅವನು ತಾತನ ಕಡೆ ನೋಡಿದ, ತುಂಡುಗಳನ್ನು ಎತ್ತಿಕೊಂಡ, ತಾಯಿಯ ಹೆಸರು ಹೇಳಿ ಎಸೆದ. ಮೂರೂ ಸಲ ಒಪ್ಪಿಗೆ. ಆಮಾಳ ಮುಖ ಅರಳಿತು.

ಅವಳ ಹಿಂದಿನಿಂದ ಪೊಲೀಸ್ ಅಜ್ಜ ತಮ್ಮ ತಪ್ಪನ್ನು ಹೇಳಿಕೆ ಕೊಡುವ ಹಾಗೆ ಗಂಟೆ ನಿಮಿಷದ ಸಮೇತ ಒಪ್ಪಿಕೊಂಡರು. ಅವರ ಹಿಂದಿನ ಅಜ್ಜಿ ತಾನು ಮೊದಲ ಸಾಲಿನಲ್ಲಿದ್ದೆ, ತನ್ನದು ದೊಡ್ಡ ತಪ್ಪು ಎಂದಳು. ಎರಡನೇ ಸಾಲಿನವಳು ತಾನೇ ತಾತನಿಗೆ ಹತ್ತಿರ ಇದ್ದದ್ದು, ತನ್ನದೇ ದೊಡ್ಡದು ಎಂದು ಜಗಳಕ್ಕೆ ನಿಂತಳು. ಹದಿನಾಲ್ಕು ಹೆಸರು ಬರೆದದ್ದಾಯಿತು. ಆಗ ವಾರ್ಸಿನಿ ಹೊಸ್ತಿಲ ಆಚೆಯಿಂದಲೇ ಕೈ ಎತ್ತಿದಳು.

"ಗಾಡಿ ತಳ್ಳಿದ್ದು ನಾವು. ನಿಮ್ಮ ತಾತ ಮುಸ್ಲಿಮರಿಗೆ ದಂಡ ಹಾಕ್ತಾರೋ, ಹಾಗೇ ಬಿಟ್ಬಿಡ್ತಾರೋ?"

ಇದಕ್ಕೆ ಹಳೇ ಕಟ್ಟಳೆ ಇರಲಿಲ್ಲ. ತ್ಯಾಮ್ ಮಾವ ಯೋಚಿಸಿ, ತಪ್ಪು ನಡೆದದ್ದು ಈ ಊರ ಅಂಗಳದಲ್ಲಿ, ವರ್ಷಗಟ್ಟಲೆ ಈ ಊರ ಅನ್ನ ಉಂಡವರು ಈ ಊರಿನವರೇ, ದಂಡ ಉಂಟು ಎಂದರು. ಖರ್ಚು ಅವರು ದುಡಿಯುವ ಮನೆಗಳದ್ದು ಎಂದೂ ಸೇರಿಸಿದರು. ಹದಿನಾಲ್ಕು ಮತ್ತು ಹದಿನಾಲ್ಕು, ನನ್ನದೊಂದು, ಇಪ್ಪತ್ತೊಂಬತ್ತು ಆಟ. ತಿಂಗಳಿಗೆ ಎರಡು ಪೂಜೆಯ ದಿನ, ವರ್ಷ ದಾಟುತ್ತದೆ. ಎಸೆದು ಎಸೆದು ಕಿಮ್‌ಸಿಂಗ್‌ಗೆ ರಟ್ಟೆ ನೋವು ಬಂದಿತ್ತು. ತುಂಡುಗಳನ್ನು ಕೆಳಗಿಟ್ಟು ಮುಗಿಯಿತಲ್ಲ ಎಂದ.

"ಇನ್ನೊಬ್ಬ ಇದಾನೆ," ಎಂದಳು ಪೋಜೂ ಆಮಾ. "ನಾವು ಕೂತಿದ್ವಿ. ಅವನು ನಟ್ಟನಡುವೆ ನಿಂತು, ತಾತನಿಗೆ ಬೆನ್ನು ಹಾಕಿ, ಎರಡು ಕೈ ಎತ್ತಿ ಕಿರುಚಿದ. ಅರ್ಧ ಆಟಾನೂ ನಿಲ್ಲಿಸ್ದ."

ಕಿಮ್‌ಸಿಂಗ್‌ನ ಮುಖ ಕೆಂಪಾಯಿತು. ನನಗೆ ಅವನ ಮೇಲೆ ಕನಿಕರ ಬಂತು, ಅದೂ ಮೊದಲ ಸಲ. ಅವನು ಮೊಣಕಾಲೂರಿ ತನ್ನ ಹೆಸರು, ಮನೆ, ಬೀದಿ ಎಲ್ಲ ತಾತನಿಗೆ ಹೇಳಿ ಎಸೆದ. ಎರಡೂ ತುಂಡು ಅಂಗಾತ ಬಿದ್ದವು. ಹಾಗೆ ಬಿದ್ದರೆ ತಾತ ನಗುತ್ತಿದ್ದಾನೆ ಎಂದರ್ಥ. ಮತ್ತೆ ಎಸೆದ, ಈ ಸಲ ಒಂದು, ಎರಡು, ಮೂರು.

ಮೇಷ್ಟ್ರು ಕಂಬ ಬಿಟ್ಟು ಮುಂದೆ ಬಂದರು. ಮೂವತ್ತು ಹೆಸರು ಕೂಗಬೇಕು, ಪಟ್ಟಿ ಬೇಕು ಎಂದರು. ಯಾರದು ಯಾವ ದಿನ ಎಂದು ಬರೆದುಕೊಳ್ಳುತ್ತ ಕಿಮ್‌ಸಿಂಗ್‌ನ ಹೆಸರಿಗೆ ಬಂದಾಗ ತಲೆ ಎತ್ತಿ ಅವನನ್ನು ನೋಡಿದರು.

"ನಂದು ಭಾನುವಾರ ಬರೋ ಹಾಗೆ ಹಾಕಿ ಮೇಷ್ಟ್ರೇ," ಎಂದ ಕಿಮ್‌ಸಿಂಗ್. "ಅಂಗಡಿ ರಜಾ. ಅವತ್ತು ಅಮ್ಮನ ಗಾಡಿ ನಾನು ತಳ್ತೀನಿ. ವಾರ್ಸಿನಿ ಸುಮ್ನೆ ಕೂತು ನೋಡ್ಲಿ."